ಎದೆಯ ಮೇಲಿನ ಕೈ

ಚಂದಮ್ಮ ಇವತ್ತೂ ಬಾಯಿ ತೆರೆಯಲಿಲ್ಲ. ನರ್ಸ್ ಭುವನೇಶ್ವರಿ ಗಂಜಿಯ ಚಮಚವನ್ನು ಅವಳ ತುಟಿಗೆ ತಾಗಿಸಿ ಹಿಡಿದಳು, ಕೈ ಸೋಲುವವರೆಗೆ ಹಿಡಿದಳು, ಆಮೇಲೆ ಬಟ್ಟಲಿಗೆ ಇಳಿಸಿದಳು. "ಒಂದ ಚಮಚಾ ಅವ್ವಾ, ನನ್ನ ಸಲುವಾಗಿ," ಎಂದಳು. ಹಾಗೆ ಅಂದದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು. ನಿನ್ನ ದೆಸೆಯಿಂದಲೇ ಅಲ್ಲವೇ ನಾನು ಬಾಯಿ ಮುಚ್ಚಿರುವುದು ಎಂದು ಮುದುಕಿ ಹೇಳಬಹುದಿತ್ತು, ಹೇಳಲು ಮಾತಿದ್ದಿದ್ದರೆ. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದ ದಿನವೇ ಚಂದಮ್ಮನ ಮಾತೂ ಹೋಗಿತ್ತು. ಉಳಿದದ್ದು ಎಡಗೈ ಮತ್ತು ಎರಡು ಕಣ್ಣು. ಆ ಎಡಗೈಯನ್ನು ಅವಳು ಈಗ ಎದೆಯ ಮೇಲೆ, ಕತ್ತಿನ ಗುಳಿಗಿಂತ ಸ್ವಲ್ಪ ಕೆಳಗೆ, ಅಂಗೈ ಮಡಚದೆ ಇಟ್ಟುಕೊಂಡಿದ್ದಳು. ಕಣ್ಣು ಭುವನೇಶ್ವರಿಯ ಮೇಲಿತ್ತು. ಪಕ್ಕದ ಮನೆಯ ಟ್ಯೂಷನ್ನಿನಲ್ಲಿ ಮಕ್ಕಳು ಹದಿಮೂರರ ಮಗ್ಗಿಯನ್ನು ಕೂಗಿ ಹೇಳುತ್ತಿದ್ದರು. ಕಷ್ಟದ ಸಾಲು ಬಂದಾಗ ಎಲ್ಲರೂ ಒಟ್ಟಿಗೇ ದನಿ ತಗ್ಗಿಸುತ್ತಿದ್ದರು. ಜೇವರ್ಗಿ ಕಾಲೋನಿಯ ಬೆಳಗು ಎಂದಿನಂತೆಯೇ ಇತ್ತು.

ಆ ಕೈ ಎದೆಗೆ ಹೋದದ್ದನ್ನು ನೋಡಿಯೇ ನಿನ್ನೆ ಡಾಕ್ಟರ್ ಬುರ್ಹಾನುದ್ದೀನ್ ಇಸಿಜಿ ತೆಗೆಸಿದ್ದರು. ಈ ಹಿರಿಯರ ಆರೈಕೆ ಕೇಂದ್ರಕ್ಕೆ ಆಗಾಗ ಬಂದು ಎಲ್ಲರನ್ನೂ ನೋಡಿ ಹೋಗುವ ಅವರು ಒಳ್ಳೆಯ ಮನುಷ್ಯ. ಪಾದದ ಬಾವು ಒತ್ತಿ ನೋಡುವಾಗಲೂ "ಮಾಫ್ ಮಾಡ್ರಿ" ಅನ್ನುವಂಥವರು. "ಎದಿ ನೋಯ್ತದೇನವ್ವಾ?" ಎಂದು ಕೇಳಿದ್ದರು. ಚಂದಮ್ಮ ತಲೆ ಅಲ್ಲಾಡಿಸಿದ್ದು ಹೌದೋ ಅಲ್ಲವೋ ಅವರಿಗೆ ತಿಳಿಯಲಿಲ್ಲ. ಭುವನೇಶ್ವರಿಗೆ ತಿಳಿಯಿತು. ತಿಳಿದೂ ತಾನೇ ಕುಪ್ಪಸದ ಗುಂಡಿ ಬಿಚ್ಚಿ, ತಣ್ಣನೆಯ ಜೆಲ್ ಹಚ್ಚಿ, ರಬ್ಬರಿನ ಬುರುಡೆಗಳನ್ನು ಒಂದೊಂದಾಗಿ ಒತ್ತಿ ಕೂರಿಸಿದ್ದಳು. ಎದೆಯ ನಡುವೆ ಒಂದು ಜಾಗದಲ್ಲಿ ಚರ್ಮ ಉಳಿದ ಕಡೆಗಿಂತ ಬಿಳಿ, ಉಳಿದ ಕಡೆಗಿಂತ ನುಣುಪು. ಮದುವೆಗೂ ಮುಂಚಿನಿಂದ ಅಲ್ಲಿ ಬೆಳ್ಳಿಯ ಕರಡಿಗೆ ಕೂತಿತ್ತು, ಅದರೊಳಗೆ ಲಿಂಗ. ಶನಿವಾರದಿಂದ ಅಲ್ಲಿ ಏನೂ ಇರಲಿಲ್ಲ. ಬುರುಡೆ ಅಂಟಿಸುವಾಗ ಕೈ ಆ ಬಿಳಿಯ ಜಾಗಕ್ಕೆ ತಾಗದ ಹಾಗೆ ಅವಳು ಬಹಳ ಜಾಗ್ರತೆ ಮಾಡಿದ್ದಳು. ಕಾಗದ ನೋಡಿ ಡಾಕ್ಟರು "ಹಾರ್ಟ್ ನಮ್ಮದಕ್ಕಿಂತ ಚಲೋ ಅದ" ಎಂದು ನಕ್ಕರು. ಆಮೇಲೆ ಹೊರಗೆ ಬಂದು, ನಗು ಇಲ್ಲದೆ, "ನಾಳಿ ಸಂಜಿ ತನಕ ನೋಡೋಣ ಸಿಸ್ಟರ್. ಬಾಯಿಂದ ತಗೊಳ್ಳಲಿಲ್ಲಂದ್ರ ಮೂಗಿನಾಗ ಟ್ಯೂಬ್ ಹಾಕೋದು. ಸಲೈನ್ ಮ್ಯಾಲೆ ಎಷ್ಟು ದಿನ ಇಡ್ಲಿಕ್ಕಾಗ್ತದ? ಆ ಎಡಗೈ ಮಾತ್ರ ಕಟ್ಟಬೇಕಾಗ್ತದ, ಜಗ್ಗಿ ತೆಗಿತಾರ," ಎಂದರು. ಭುವನೇಶ್ವರಿ ಹ್ಞೂಂ ಎಂದಿದ್ದಳು. ಕೈಗಳನ್ನು ಮಂಚಕ್ಕೆ ಕಟ್ಟಿದವರನ್ನು ಅವಳು ತನ್ನ ನೌಕರಿಯಲ್ಲಿ ಎಷ್ಟೋ ಜನರನ್ನು ನೋಡಿದ್ದಳು. ಮೆತ್ತನೆಯ ಬಟ್ಟೆಯಿಂದಲೇ ಕಟ್ಟುತ್ತಾರೆ. ಬಿಚ್ಚುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಗಂಜಿಯ ಬಟ್ಟಲು ಹಿಡಿದು ಅಡುಗೆಮನೆಗೆ ಹೋಗುವಾಗ ಹಜಾರದಲ್ಲಿ ಅಲ್ಲಿನ ಇನ್ನೊಬ್ಬ ಮುದುಕಿ ರೋಷನಬಿ ತಡೆದಳು. ಕುರ್ಚಿಯಲ್ಲಿ ಕೂತು ಇಡೀ ಕೇಂದ್ರದ ಮೇಲ್ವಿಚಾರಣೆ ನಡೆಸುವುದು ಅವಳ ಕೆಲಸ. "ನೈ ಖಾಯೀ? ಉಣ್ಣಲಿಲ್ಲೇನು?" ಎಂದಳು. ಇಲ್ಲ ಎಂದು ಭುವನೇಶ್ವರಿ ತಲೆಯಾಡಿಸಿದಳು. "ಆಕಿಗಿ ಮಾತಿದ್ರ ನಿಮ್ಮನ್ನೆಲ್ಲ ನೆಟ್ಟಗ ಮಾಡ್ತಿದ್ಳು," ಎಂದಳು ರೋಷನಬಿ, ತನ್ನ ತೋಳಿನ ತಾಯಿತವನ್ನು ಸರಿಪಡಿಸಿಕೊಳ್ಳುತ್ತ. ಶನಿವಾರ ಅವಳ ಕೊರಳಿನ ತಾಯಿತವನ್ನೂ ಕತ್ತರಿಸಲಾಗಿತ್ತು. "ಕೈಕು ಕಾಟೇ? ಮೇರಾ ತಾವೀಜ್ ಮೇರೆಕು ದೇವ!" ಎಂದು ತನ್ನ ತಾಯಿತ ತಿರುಗಿ ಕೇಳಿ ಅವಳು ಬೊಬ್ಬೆ ಹಾಕಿದ್ದು ರಸ್ತೆಯ ಆಚೆಯ ದವಾಖಾನೆಗೂ ಕೇಳಿಸಿತ್ತು. ಮರುದಿನ ಮಗ ಬಂದವನು ಯಾರನ್ನೂ ಕೇಳದೆ ಅದನ್ನು ತಾಯಿಯ ತೋಳಿಗೆ ಕಟ್ಟಿ ಹೋದ. ಕೊರಳಲ್ಲಿ ಇಲ್ಲವಲ್ಲ ಎಂದು ಎಲ್ಲರೂ ಸುಮ್ಮನಾದರು. ಹಾಗಾದರೆ ಚಂದಮ್ಮನದನ್ನೂ ತೋಳಿಗೆ ಕಟ್ಟಬಹುದಲ್ಲ ಎಂದು ಭುವನೇಶ್ವರಿಗೆ ಆಗಲೇ ಹೊಳೆದಿತ್ತು. ಹೊಳೆದದ್ದನ್ನು ಬಾಯಿಬಿಟ್ಟು ಹೇಳಿದರೆ, ಅದು ಕೊರಳಿನಿಂದ ಯಾಕೆ ಇಳಿಯಿತು ಎಂಬ ಮಾತು ಬರುತ್ತದೆ. ಆ ಮಾತು ಬಂದರೆ ಶುಕ್ರವಾರ ಮಧ್ಯಾಹ್ನದ ಮಾತು ಬರುತ್ತದೆ. ಅವಳು ಬಟ್ಟಲು ತೊಳೆದು ಬೋರಲು ಹಾಕಿದಳು.

ಶುಕ್ರವಾರ ಮಧ್ಯಾಹ್ನ ಇಡೀ ಕೆಳಮಹಡಿಗೆ ಅವಳೊಬ್ಬಳೇ. ಆಯಾ ಸಕೀನಾ ತಾಜಸುಲ್ತಾನಪುರದಿಂದ ಬರುವ ಬಸ್ಸು ತಪ್ಪಿಸಿಕೊಂಡು ತಡವಾಗಿ ಬರುವವಳಿದ್ದಳು. ಚಂದಮ್ಮ ಬೆಲ್ ಒತ್ತಿದಳು, ಹೋದರೆ ದಿಂಬು ಸರಿಮಾಡು ಎಂದು ಕೈ ಮಾಡಿದಳು. ಮತ್ತೆ ಒತ್ತಿದಳು, ಕಿಟಕಿ. ಮತ್ತೆ ಒತ್ತಿದಳು, ಏನೂ ಇಲ್ಲ, ಸುಮ್ಮನೆ ಮುಖ ನೋಡಿ ನಕ್ಕಳು. ಆ ನಗು ಬೇರೆ ದಿನವಾಗಿದ್ದರೆ ಭುವನೇಶ್ವರಿಗೂ ನಗು ತರಿಸುತ್ತಿತ್ತು. ಅವತ್ತು ಹೊಟ್ಟೆ ಹಸಿದಿತ್ತು, ಡಬ್ಬಿಯಲ್ಲಿ ರೊಟ್ಟಿ ಒಣಗುತ್ತಿತ್ತು. ಬೆಲ್ಲಿನ ಗುಂಡಿಯನ್ನು ಎತ್ತಿ ಮೂಲೆಯ ಮೇಜಿನ ಮೇಲಿಟ್ಟು, ಮಂಚದ ಪಕ್ಕದ ಕಂಬಿಯನ್ನು ಮೇಲೆತ್ತಿ, "ಐದ ನಿಮಿಷ ಅವ್ವಾ" ಎಂದು ಹೋಗಿ ಉಂಡಳು. ಕಂಬಿ ಎತ್ತಿದ ಮೇಲೆ ಹತ್ತಿರ ಯಾರಾದರೂ ಇರಬೇಕು ಎಂದು ಹೊಸ ಹುಡುಗಿಯರಿಗೆ ಕಲಿಸಿಕೊಡುತ್ತಿದ್ದವಳು ಅವಳೇ. ಚಂದಮ್ಮನಿಗೆ ಬಹುಶಃ ಬಚ್ಚಲಿಗೆ ಹೋಗಬೇಕಿತ್ತು. ಒಂದೇ ಕೈಯಲ್ಲಿ ಕಂಬಿ ಹಿಡಿದು ಏಳಲು ನೋಡಿದಳು, ಅರ್ಧ ದೇಹ ಕಂಬಿಯ ಮೇಲೆ ಬಂತು, ಕೊರಳಲ್ಲಿ ಕರಡಿಗೆ ಕಟ್ಟಿದ್ದ ಶಿವದಾರ ಕಂಬಿಯ ಮೊಳೆಗೆ ಸಿಕ್ಕಿತು. ಆಗಷ್ಟೇ ಬಂದ ಸಕೀನಾ ಕಿರುಚಿದಾಗ ಭುವನೇಶ್ವರಿಯ ಬಾಯಲ್ಲಿ ತುತ್ತು ಇತ್ತು. ಇಬ್ಬರೂ ಸೇರಿ ಎತ್ತಿ ಮಲಗಿಸಿದರು. ಮುಖ ಕಪ್ಪಿಟ್ಟು ಹೋಗಿತ್ತು, ಸ್ವಲ್ಪ ಹೊತ್ತಿಗೆ ಸರಿಯಾಯಿತು, ಕೊರಳಲ್ಲಿ ಒಂದು ಕೆಂಪು ಗೆರೆ ಉಳಿಯಿತು. ಸಕೀನಾ ಅಳುತ್ತಿದ್ದಳು. ಭುವನೇಶ್ವರಿ ಅಳಲಿಲ್ಲ, ಮೇಜಿನ ಮೇಲಿದ್ದ ಬೆಲ್ಲನ್ನು ತಂದು, ಸಕೀನಾ ನೀರು ತರಲು ಹೋದಾಗ, ಚಂದಮ್ಮನ ದಿಂಬಿನ ಪಕ್ಕ ಇಟ್ಟಳು. ಆಗ ಚಂದಮ್ಮ ಕಣ್ಣು ತೆರೆದಿದ್ದಳು.

ಕೇಂದ್ರದ ಮಾಲೀಕ ಖಂಡೆಪ್ಪ ಸುದ್ದಿ ಕೇಳಿ ಗಾಬರಿಯಾದ. "ಆ ದಾರದಿಂದ ಜೀವ ಹೋಗ್ತಿತ್ತಲ್ರಿ," ಎಂದ. ದಾರದಿಂದ. ಭುವನೇಶ್ವರಿ ಆ ಶಬ್ದವನ್ನು ಹಿಡಿದುಕೊಂಡಳು, ಮುಳುಗುವವರು ಕೈಗೆ ಸಿಕ್ಕಿದ್ದನ್ನು ಹಿಡಿಯುವ ಹಾಗೆ. ಹೌದ್ರಿ, ದಾರ ಎಂದಳು. ಶನಿವಾರದಿಂದ ಯಾರ ಕೊರಳಲ್ಲೂ ದಾರ, ಸರ, ತಾಯಿತ ಏನೂ ಇರಕೂಡದು ಎಂದು ಅವನು ಹುಕುಂ ಮಾಡಿದ. ಕತ್ತರಿ ಇವಳ ಕೈಗೆ ಬಂತು. ರೋಷನಬಿಯಾದ ಮೇಲೆ ಚಂದಮ್ಮನ ಮಂಚ. ಭುವನೇಶ್ವರಿ "ಅವ್ವಾ, ಕೊರಳಿಗಿ ಸಿಗ್ತದ, ಅದಕ್ಕ" ಎಂದು ಏನೋ ಹೇಳಿದಳು, ಡಾಕ್ಟರರು ಚುಚ್ಚುಮದ್ದಿನ ಮೊದಲು ಹೇಳುವಂಥ ದನಿಯಲ್ಲಿ. ಎಡಗೈ ಕರಡಿಗೆಯ ಮೇಲೆ ಬಂದು ಕೂತಿತು. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬೆರಳುಗಳಲ್ಲಿ ಅಷ್ಟು ಬಲವಿದ್ದೀತು ಎಂದು ಅವಳಿಗೆ ಗೊತ್ತಿರಲಿಲ್ಲ. ಶಿವದಾರ ಒಂದೇ ಸಲಕ್ಕೆ ತುಂಡಾಗಲಿಲ್ಲ, ಎಷ್ಟೋ ಎಳೆ ಸೇರಿಸಿ ಹೊಸೆದದ್ದು. ಎರಡು ಮೂರು ಸಲ ಕತ್ತರಿ ಆಡಿಸಬೇಕಾಯಿತು. ಅಷ್ಟು ಹೊತ್ತೂ ಚಂದಮ್ಮ ಅವಳ ಮುಖ ನೋಡುತ್ತಲೇ ಇದ್ದಳು, ಯಾವಾಗ ನಿಲ್ಲಿಸುತ್ತಾಳೆ ಎಂದು ಕಾಯುವವಳ ಹಾಗೆ.

ಲಿಂಗ ಅಂಗ ಬಿಟ್ಟು ಹೋದರೆ ಏನು ಅನ್ನುವುದನ್ನು ಭುವನೇಶ್ವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಅಜ್ಜಿ ಒಮ್ಮೆ ಹಳ್ಳದಲ್ಲಿ ಬಟ್ಟೆ ಒಗೆಯುವಾಗ ದಾರ ಹರಿದು, ಲಿಂಗ ಸಿಗುವವರೆಗೆ ನೀರೂ ಮುಟ್ಟದೆ ದಂಡೆಯ ಮೇಲೆ ಕೂತದ್ದು ಮನೆಯಲ್ಲಿ ಆಗಾಗ ಹೇಳುವ ಕಥೆ. ಅವಳ ಸ್ವಂತ ಲಿಂಗ ಶರಣಸಿರಸಗಿಯ ಮನೆಯಲ್ಲಿ, ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗಿತ್ತು. ನರ್ಸಿಂಗ್ ಹಾಸ್ಟೆಲಿನಲ್ಲಿ ಯೂನಿಫಾರ್ಮಿನ ಕಾಲರಿನಿಂದ ದಾರ ಇಣುಕುತ್ತದೆಂದು ತೆಗೆದಿಟ್ಟವಳು ಮತ್ತೆ ಕಟ್ಟಿಕೊಂಡಿರಲಿಲ್ಲ. ತೆಗೆದ ದಿನ ಭಯವಾಗಿತ್ತು. ಆಮೇಲೆ ಊಟ ಸೇರಿತು, ನಿದ್ದೆ ಬಂತು, ಪರೀಕ್ಷೆ ಪಾಸಾಯಿತು. ನನಗೇನೂ ಆಗಲಿಲ್ಲ, ಇವಳಿಗೇನಾದೀತು ಎಂಬ ಯೋಚನೆ ಕತ್ತರಿ ಆಡಿಸುವಾಗ ಎಲ್ಲೋ ಹಿಂದೆ ಇದ್ದೇ ಇತ್ತು. ಅದು ಸುಳ್ಳು ಎಂದೂ ಗೊತ್ತಿತ್ತು. ದಿನಾ ಬೆಳಿಗ್ಗೆ ಮೈ ಒರೆಸಿದ ಮೇಲೆ ಚಂದಮ್ಮನ ಎಡ ಅಂಗೈಯಲ್ಲಿ ಲಿಂಗವಿಟ್ಟು, ಚಮಚದಿಂದ ನೀರು ಬಿಟ್ಟು, ವಿಭೂತಿ ಹಚ್ಚುತ್ತಿದ್ದವಳು ಅವಳೇ. ಬಲಗೈ ಇಲ್ಲದ ಚಂದಮ್ಮನಿಗೆ ಅವಳು ಬಲಗೈ. ಆಗ ಲಕ್ವದಿಂದ ಸೊಟ್ಟಗಾದ ಆ ಮುಖ ಸ್ವಲ್ಪ ಹೊತ್ತು ನೆಟ್ಟಗಾಗುತ್ತಿತ್ತು. ಒಂದು ದಿನ ಪೂಜೆ ಮುಗಿದ ಮೇಲೆ ಮುದುಕಿ ಕೈ ಚಾಚಿ ಭುವನೇಶ್ವರಿಯ ಕಾಲರನ್ನು ಎಳೆದು ಒಳಗೆ ಇಣುಕಿ ನೋಡಿದ್ದಳು. ಅಲ್ಲಿ ಏನೂ ಇರಲಿಲ್ಲ. "ಮನ್ಯಾಗ ಇಟ್ಟೀನಿ ಅವ್ವಾ," ಎಂದರೆ, ಕೆನ್ನೆಗೆ ಮೆಲ್ಲಗೆ ಒಂದು ಕೊಟ್ಟು ಗೊಳ್ಳನೆ ನಕ್ಕಿದ್ದಳು.

ಹತ್ತು ಗಂಟೆಯ ಸುಮಾರಿಗೆ ಖಂಡೆಪ್ಪ ಒಳಗೆ ಕರೆದು ಟ್ಯೂಬ್ ಹಾಕಲು ಒಪ್ಪಿಗೆಯ ಕಾಗದ ಮುಂದಿಟ್ಟ. "ಅವರ ಮಗನಿಗಿ ಫೋನ್ ಹಚ್ರಿ. ಸಂಜಿಯೊಳಗ ಬಂದು ಸಹಿ ಮಾಡ್ಲಿ."

"ಫೋನ್ ಬ್ಯಾಡ್ರಿ. ನಾನೇ ಕಮಲಾಪುರಕ್ಕ ಹೋಗಿ ಸಹಿ ತರ್ತೀನಿ," ಎಂದಳು ಭುವನೇಶ್ವರಿ. ಹೇಳುವವರೆಗೂ ತಾನು ಹೀಗೆ ಹೇಳುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲ.

ಖಂಡೆಪ್ಪ ಕನ್ನಡಕದ ಮೇಲಿಂದ ನೋಡಿದ. "ನೀವು ಹೋದ್ರ ಇಲ್ಲಿ ಯಾರ ನೋಡೋರು?"

"ಸಕೀನಾ ಅದಾಳ. ಕಂಬಿ ಎತ್ತಬ್ಯಾಡ, ಬೆಲ್ ಕೈಯಾಗ ಕೊಡು ಅಂತ ಹೇಳಿ ಹೋಗ್ತೀನಿ."

"ಹ್ಞಾಂ, ಹೋಗಿ ಬರ್ರಿ. ಫೋನಿನಾಗ ಹೇಳಿದ್ರ ಮಂದಿ ಬ್ಯಾರೆ ತಿಳ್ಕೋತಾರ," ಎಂದ ಖಂಡೆಪ್ಪ. ಅವನು ಕೆಟ್ಟವನೇನಲ್ಲ. ಅವನ ಕೇಂದ್ರದಲ್ಲಿ ಹಾಸಿಗೆ ಶುಚಿ, ಅಡುಗೆ ಶುಚಿ, ಹಬ್ಬಕ್ಕೆ ಎಲ್ಲರಿಗೂ ಹೋಳಿಗೆ, ಈದಿಗೆ ಎಲ್ಲರಿಗೂ ಶೀರಖುರ್ಮಾ. ಜನ ಸಾಲದು ಎಂದು ಹೇಳಿದಾಗ ಮಾತ್ರ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಹುಮನಾಬಾದ್ ರಸ್ತೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಡಕ್ಟರ್ ಆಧಾರ್ ಕಾರ್ಡಿನ ಕಡೆ ಕಣ್ಣು ಹಾಯಿಸಿ ಹೆಂಗಸರಿಗಿರುವ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ತೊಗರಿಯ ಹೊಲಗಳು ಹೋದವು, ಹೊಸ ಲೇಔಟುಗಳ ಕಲ್ಲುಗಳು ಹೋದವು. ಚಂದಮ್ಮನ ಮಗ ಮೌನೇಶನಿಗೆ ಏನು ಹೇಳುವುದು? ಕಮಲಾಪುರದ ಕಾಲೇಜಿನಲ್ಲಿ ಅವನು ಲೆಕ್ಚರರ್, ಮಾತಾಡುವಾಗ ಎದುರಿನವರ ಮುಖ ನೋಡದೆ ಕೈಗಡಿಯಾರ ನೋಡುವ ಅಭ್ಯಾಸ. ಶನಿವಾರ ಸಂಜೆ ಅವನಿಗೆ ಪ್ಲಾಸ್ಟಿಕ್ ಕವರಿನಲ್ಲಿ ಕರಡಿಗೆ ಮತ್ತು ಬಂಗಾರದ ಗುಂಡಿನ ಸರ ಒಟ್ಟಿಗೆ ಹಾಕಿ ಕೊಟ್ಟಿದ್ದಳು. ಕೊಟ್ಟು ಕಾದಿದ್ದಳು. ಇದೇನ್ರಿ ಸಿಸ್ಟರ್, ಇದನ್ನ ತೆಗಿತಾರೇನ್ರಿ ಎಂದು ಅವನು ಒಂದು ಮಾತು ಅಂದಿದ್ದರೆ ಸಾಕಿತ್ತು. ಅವಳು ಅಲ್ಲೇ ತಪ್ಪಾಯಿತು ಎಂದು ತಿರುಗಿ ಒಯ್ದು ಕಟ್ಟುತ್ತಿದ್ದಳು, ಖಂಡೆಪ್ಪನಿಗೆ ಮಗನೇ ಒಪ್ಪಲಿಲ್ಲ ಎನ್ನುತ್ತಿದ್ದಳು. ಅವನು ಕವರಿನೊಳಗೆ ನೋಡಿದ, ಇವಳನ್ನು ನೋಡಿದ, ಬಾಯಿ ತೆರೆದ. ಆಮೇಲೆ "ಸೇಫ್ಟಿ ಮುಖ್ಯ ಬಿಡ್ರಿ" ಎಂದು ಗಡಿಯಾರ ನೋಡಿ ಹೋದ. ಎಂಥ ಮಗ ಎಂದು ಅವಳಿಗೆ ಸಿಟ್ಟು ಬಂದಿತ್ತು. ಆ ಸಿಟ್ಟು ಎರಡು ದಿನ ಅವಳನ್ನು ಕಾಪಾಡಿತು. ನಿನ್ನೆ ಬುರುಡೆ ಅಂಟಿಸುವಾಗ ಅದೂ ತೀರಿಹೋಗಿತ್ತು.

ಕಮಲಾಪುರದಲ್ಲಿ ಇಳಿದಾಗ ರಸ್ತೆಯ ಬದಿಗೆ ಕೆಂಪು ಬಾಳೆಹಣ್ಣಿನ ಗೊನೆಗಳು ತೂಗುತ್ತಿದ್ದವು. ರೋಗಿಯ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಕಾಲು ತಾನಾಗಿ ಅತ್ತ ತಿರುಗಿತು. ರೋಗಿ ತನ್ನ ಹತ್ತಿರವೇ ಇದ್ದಾಳೆಂದು ನೆನಪಾಗಿ ಮತ್ತೆ ಇತ್ತ ತಿರುಗಿತು. ಮೌನೇಶನ ಮನೆ ಕಾಲೇಜಿನ ಹಿಂದಿನ ಓಣಿಯಲ್ಲಿ. ಊಟಕ್ಕೆ ಬಂದಿದ್ದ ಅವನು ಅವಳನ್ನು ಬಾಗಿಲಲ್ಲಿ ಕಂಡವನೇ ಬಿಳಿಚಿಕೊಂಡ.

"ಅವ್ವ ಹೋದಳೇನ್ರಿ?"

"ಇಲ್ರಿ, ಇಲ್ಲ. ಆರಾಮ..." ಎಂದವಳು ಆ ಶಬ್ದವನ್ನು ಪೂರ್ತಿ ಮಾಡಲಾರದೆ ನಿಂತಳು. "ಉಣ್ಣಾಕತ್ತಿಲ್ರಿ."

ಒಳಗೆ ಕೂತರು. ಅವನ ಹೆಂಡತಿ ಸೊಂಟಕ್ಕೆ ಅಗಲ ಪಟ್ಟಿ ಬಿಗಿದುಕೊಂಡೇ ನೀರು ತಂದಿಟ್ಟಳು. ಅತ್ತೆಯನ್ನು ಎತ್ತಿ ಕೂರಿಸಲು ಹೋಗಿ ಆದದ್ದು ಅದು ಎಂದು ಭುವನೇಶ್ವರಿಗೆ ಗೊತ್ತಿತ್ತು. ಚಂದಮ್ಮ ಕೇಂದ್ರಕ್ಕೆ ಬಂದದ್ದೇ ಆ ಸೊಂಟದಿಂದ. ಕಾಗದ ತೆಗೆದು ಟ್ಯೂಬಿನ ವಿಷಯ ಹೇಳಿದಳು. ಕೈ ಕಟ್ಟುವ ವಿಷಯವನ್ನೂ ಹೇಳಿದಳು. ಮೌನೇಶ ಕಾಗದವನ್ನು ಓದಿದ, ಮತ್ತೊಮ್ಮೆ ಓದಿದ. ದೇವರ ಜಗಲಿ ಅವನ ಬೆನ್ನ ಹಿಂದೆಯೇ ಇತ್ತು. ದೀಪದ ಪಕ್ಕ ತಟ್ಟೆಯಲ್ಲಿ ಕರಡಿಗೆ, ಅದರ ಮೇಲೆ ಇವತ್ತಿನ ಪತ್ರಿ, ವಿಭೂತಿಯ ಮೂರು ಗೆರೆ. ಇವರು ಅದನ್ನು ಕಪಾಟಿನಲ್ಲಿ ಎಸೆದಿದ್ದಾರೆಂದು ಅವಳು ದಾರಿಯುದ್ದಕ್ಕೂ ನಂಬಿಕೊಂಡು ಬಂದಿದ್ದಳು.

"ದಿನಾ ನಾನೇ ಪೂಜಿ ಮಾಡ್ತೀನ್ರಿ," ಎಂದಳು ಹೆಂಡತಿ, ಅವಳು ನೋಡುವುದನ್ನು ನೋಡಿ. "ಏನೂ ಕಡಿಮಿ ಮಾಡಿಲ್ಲ."

"ಅದು ಇಲ್ಲಂತ ಅವರು ಉಣ್ಣಾಕತ್ತಿಲ್ಲ," ಎಂದಳು ಭುವನೇಶ್ವರಿ.

ಒಳಗೆ ಕುಕ್ಕರ್ ಒಮ್ಮೆ ಕೂಗಿತು. ಮೌನೇಶ ಗಡಿಯಾರ ನೋಡಲಿಲ್ಲ, ನೆಲ ನೋಡಿದ. "ನಂಗ ಗೊತ್ತಿತ್ರಿ," ಎಂದ. "ಕವರ್ ಕೈಯಾಗ ತಗೊಂಡಾಗೇ ಗೊತ್ತಾತು. ಆದ್ರ ನೀವು ನಮ್ಮವರೇ ಇದ್ದೀರಿ. ನೀವೇ ತೆಗೆದೀರಿ ಅಂದ ಮ್ಯಾಲೆ ಏನರ ಇರ್ತದ, ನಿಮಗ ನಮಗಿಂತ ತಿಳಿತದ ಅನ್ಕೊಂಡೆ. ಈ ಕಾಲದಾಗ ಲೆಕ್ಚರರ್ ಆದಾಂವ ಲಿಂಗಾ ಲಿಂಗಾ ಅಂತಾನ ಅಂತ ನೀವು ನಗ್ತೀರಿ ಅನಿಸ್ತು."

"ನೀವು ಒಂದು ಮಾತು ಅಂತೀರಿ ಅಂತ ನಾ ನಿಂತಿದ್ದೆ."

"ನೀವು ಅಂತೀರಿ ಅಂತ ನಾ ನಿಂತಿದ್ದೆ."

ಅವಳಿಗೆ ನಗು ಬರುವ ಹಾಗಾಯಿತು. ಆ ಸಂಜೆ ಕೇಂದ್ರದ ಬಾಗಿಲಲ್ಲಿ ಇಬ್ಬರೂ ಒಬ್ಬರ ಬಾಯಿ ಒಬ್ಬರು ನೋಡುತ್ತ ನಿಂತಿದ್ದರು. ಒಳಗೆ ಬಾಯಿಲ್ಲದವಳು ಮಲಗಿದ್ದಳು. ಈಗಲಾದರೂ ಪೂರ್ತಿ ಹೇಳಿಬಿಡಬೇಕು ಅನ್ನಿಸಿತು. "ಇನ್ನೊಂದು ಮಾತು ಅದ್ರಿ. ಅದು ದಾರದ ತಪ್ಪಲ್ಲ. ಶುಕ್ರವಾರ ಮಧ್ಯಾಹ್ನ ಬೆಲ್..."

"ಬ್ಯಾಡ್ರಿ," ಎಂದ ಮೌನೇಶ. ಬಹಳ ಬೇಗ ಅಂದ, ಕೈ ಎತ್ತಿ ಅಂದ. "ಅದೆಲ್ಲ ಹೇಳಬ್ಯಾಡ್ರಿ ಸಿಸ್ಟರ್. ಕೈ ಮುಗಿತೀನಿ. ಗೊತ್ತಾದ್ರ ನಾ ಅವ್ವನ್ನ ಅಲ್ಲಿ ಬಿಡಂಗಿಲ್ಲ. ಮನಿಗಿ ತರಾಕೂ ನನ್ನಿಂದ ಆಗಂಗಿಲ್ಲ." ಹೆಂಡತಿ ಸೊಂಟದ ಪಟ್ಟಿಯನ್ನು ಹಿಡಿದುಕೊಂಡು ಒಳಗೆ ಹೋದಳು. ಭುವನೇಶ್ವರಿ ಬಾಯಿಗೆ ಬಂದದ್ದನ್ನು ನುಂಗಿದಳು. ಹೇಳಿದರೆ ಭಾರ ಇಳಿದೀತು ಎಂದುಕೊಂಡಿದ್ದಳು. ಇಳಿಸಿಕೊಳ್ಳಲು ಇಲ್ಲಿ ಯಾರಿಗೂ ಜಾಗವಿರಲಿಲ್ಲ.

ಹೆಂಡತಿ ಕರಡಿಗೆಗೆ ಹೊಸ ಶಿವದಾರ ಪೋಣಿಸಿ, ಮಡಿಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಳು. ಮೌನೇಶ ಕಾಗದಕ್ಕೂ ಸಹಿ ಮಾಡಿದ. "ಇದು ಇರ್ಲಿ. ಅದನ್ನ ಕಟ್ಟಿದ ಮ್ಯಾಲೂ ಉಣ್ಣಲಿಲ್ಲಂದ್ರ," ಎಂದ. ನೀವೂ ಬರ್ರಿ, ನಿಮ್ಮನ್ನ ನೋಡಿದ್ರ ಖುಷಿಯಾಗ್ತಾರ ಎಂದಳು ಭುವನೇಶ್ವರಿ. ಅವನು ತಲೆ ಅಲ್ಲಾಡಿಸಿದ. "ನಾ ಬಂದ್ರ ಮನಿಗಿ ಕರ್ಕೊಂಡು ಹೋಗಾಕ ಬಂದಾನ ಅನ್ಕೋತಾಳ್ರಿ. ಹ್ವಾದ ಸಲನೂ ಹಂಗೇ ಆತು. ಆಯಿತವಾರ ಬರ್ತೀನಿ."

ತಿರುಗಿ ಬರುವ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಸಹಿಯ ಕಾಗದ ಬ್ಯಾಗಿನಲ್ಲಿತ್ತು. ಬ್ಯಾಗಿನಲ್ಲಿ ಊಟದ ಡಬ್ಬಿ, ಬಾಚಣಿಗೆ, ಒಂದು ಹಳೆಯ ಸಾಕ್ಸ್ ಇದ್ದವು. ಅವುಗಳ ಜೊತೆ ಕರಡಿಗೆಯನ್ನು ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಬಟ್ಟೆಯ ಗಂಟನ್ನು ಎಡಗೈಯಲ್ಲಿ ಎದೆಗೆ ಒತ್ತಿ ಹಿಡಿದು, ಬಲಗೈಯಲ್ಲಿ ಮೇಲಿನ ಸಲಾಕೆ ಹಿಡಿದು ನಿಂತಳು. ತನ್ನ ಲಿಂಗ ಯಾವ ಟ್ರಂಕಿನಲ್ಲಿ, ಯಾವ ಸೀರೆಯ ಮಡಿಕೆಯಲ್ಲಿದೆ ಎಂದು ನೆನಪಾಯಿತು. ಈಗ ತೆಗೆದು ಕಟ್ಟಿಕೊಂಡರೆ ಅದು ಭಕ್ತಿಯಲ್ಲ, ಹೆದರಿಕೆ ಎಂದೂ ಅನ್ನಿಸಿತು. ಸೀಟಿನಲ್ಲಿದ್ದ ಹೆಂಗಸು ಅವಳ ಕೈ ನೋಡಿ, "ಎದಿ ನೋವೇನ್ರಿ ಅಕ್ಕಾ? ಕುಂದರ್ರಿ," ಎಂದು ಎದ್ದು ಜಾಗ ಬಿಟ್ಟಳು. ಇಲ್ಲ ಅನ್ನಲು ಹೋದಳು. ಆದರೂ ಕೂತುಬಿಟ್ಟಳು.

ಕೇಂದ್ರದಲ್ಲಿ ಖಂಡೆಪ್ಪ ಗಂಟು ನೋಡಿದ ಕೂಡಲೇ "ಕೊರಳಾಗ ಬ್ಯಾಡಂದೀನಲ್ರಿ" ಎಂದ.

"ಕೊರಳಾಗ ಅಲ್ರಿ. ರಟ್ಟ್ಯಾಗ. ಗಿಡ್ಡ ದಾರ, ಎಲ್ಲೂ ಸಿಗಂಗಿಲ್ಲ. ರೋಷನಬಿ ತಾಯಿತ ಇದ್ದಂಗ."

"ಹಂಗಿದ್ರ ಕಟ್ರಿ. ನಂಗ ಆಕಿ ಉಂಡ್ರ ಸಾಕು," ಎಂದು ಅವನು ಫೋನಿನ ಕಡೆ ತಿರುಗಿದ. ಅಷ್ಟೇ. ಎಷ್ಟು ಸಲೀಸಾಗಿ ಮುಗಿಯಿತೆಂದರೆ ಅವಳಿಗೆ ಅವಮಾನವಾಯಿತು. ಶನಿವಾರ ಕತ್ತರಿ ಹಿಡಿದು ನಿಂತಾಗಲೇ ಈ ಮಾತು ಹೇಳಬಹುದಿತ್ತು, ಅವನು ಆಗಲೂ ಹೀಗೆಯೇ ಹ್ಞೂಂ ಎಂದು ಫೋನಿನ ಕಡೆ ತಿರುಗುತ್ತಿದ್ದ.

ಚಂದಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಂಬಿ ಇಳಿಸಿತ್ತು, ಬೆಲ್ ಹಾಸಿಗೆಯ ಮೇಲಿತ್ತು. ಭುವನೇಶ್ವರಿ ಕೈಕಾಲು ತೊಳೆದು ಬಂದು, ಮಂಚದ ಪಕ್ಕ ಮೊಣಕಾಲೂರಿ, ಬಟ್ಟೆ ಬಿಚ್ಚಿ ಅವಳ ಕಣ್ಣೆದುರು ಹಿಡಿದಳು. "ಅವ್ವಾ, ತಂದೀನಿ ನೋಡ್ರಿ." ಎದೆಯ ಮೇಲಿದ್ದ ಕೈ ಎದ್ದಿತು. ಅದು ಶನಿವಾರದಿಂದ ತಾನಾಗಿ ಅಲ್ಲಿಂದ ಎದ್ದದ್ದನ್ನು ಅವಳು ನೋಡಿರಲಿಲ್ಲ. ಮುಂದೆ ಬಂದು ಕರಡಿಗೆಯನ್ನು ಹಿಡಿದು, ಹಣೆಗೆ ಒತ್ತಿಕೊಂಡು, ಕಣ್ಣಿಗೆ ಒತ್ತಿಕೊಂಡು, ಹಾಗೆಯೇ ಎದೆಗಿಳಿಸಿ ಮುಷ್ಟಿ ಕಟ್ಟಿತು. ಚಂದಮ್ಮನ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ಭುವನೇಶ್ವರಿಯೂ ಅತ್ತಳು, ಶುಕ್ರವಾರ ಅಳದವಳು. ಅಳುತ್ತಲೇ ನೀರಿನ ಬಟ್ಟಲು, ಚಮಚ, ವಿಭೂತಿ ಹತ್ತಿರ ಎಳೆದುಕೊಂಡು, ದಿನಾ ಹೇಳುವ ಹಾಗೆ "ಕೈ ತೆಗೀರಿ ಅವ್ವಾ, ನೀರು ಹಾಕ್ತೀನಿ" ಎಂದಳು.

ಮುಷ್ಟಿ ತೆರೆಯಲಿಲ್ಲ. ಅವಳು ಇನ್ನಷ್ಟು ಹತ್ತಿರ ಬಾಗಿದಳು. ಚಂದಮ್ಮ ಮುಷ್ಟಿಯನ್ನು ಮೈಯ ಆಚೆ ಬದಿಗೆ, ಗೋಡೆಗೂ ತನಗೂ ನಡುವೆ ಸರಿಸಿದಳು. ಸಿಟ್ಟೇನೂ ಕಾಣಲಿಲ್ಲ ಆ ಮುಖದಲ್ಲಿ. ಕಳ್ಳರಿರುವ ಬಸ್ಸಿನಲ್ಲಿ ಹೆಂಗಸರು ಸರ ಮುಚ್ಚಿಕೊಳ್ಳುವ ಹಾಗೆ, ಸುಮ್ಮನೆ ಜೋಪಾನ. "ನಾ ತಗೊಳ್ಳಂಗಿಲ್ಲ ಅವ್ವಾ," ಎಂದಳು ಭುವನೇಶ್ವರಿ. "ನಿಮ್ಮಾಣಿ, ತಗೊಳ್ಳಂಗಿಲ್ಲ." ಚಂದಮ್ಮ ಅವಳ ಬಲಗೈಯನ್ನು ನೋಡುತ್ತಿದ್ದಳು. ಕತ್ತರಿ ಹಿಡಿದದ್ದು ಆ ಕೈ, ಬೆರಳು ಬಿಡಿಸಿದ್ದು ಆ ಕೈ.

ಸಕೀನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಭುವನೇಶ್ವರಿ ಎದ್ದು ಚಮಚವನ್ನು ಅವಳ ಕೈಗಿತ್ತಳು.

"ನಾ ಹ್ಯಾಂಗ್ರಿ ಸಿಸ್ಟರ್? ನಂಗ ಇದೆಲ್ಲ ಬರಂಗಿಲ್ಲ. ನಾ ಮಾಡಬೌದೇನ್ರಿ?"

"ಹೋಗು. ಕೇಳು ಅವರಿಗೇ."

ಸಕೀನಾ ಸೆರಗು ತಲೆಗೆಳೆದುಕೊಂಡು ಮಂಚದ ಅಂಚಿಗೆ ಕೂತಳು. "ಹಾಕ್ಲೇನವ್ವಾ?" ಎಂದಳು. ಚಂದಮ್ಮ ಅವಳನ್ನು ನೋಡಿದಳು, ಅವಳ ಆಚೆ ಭುವನೇಶ್ವರಿ ಎಷ್ಟು ದೂರ ನಿಂತಿದ್ದಾಳೆಂದು ನೋಡಿದಳು. ಮುಷ್ಟಿ ಗೋಡೆಯ ಕಡೆಯಿಂದ ಈಚೆ ಬಂದು, ಬೆರಳು ಒಂದೊಂದಾಗಿ ತೆರೆಯಿತು. ಸಕೀನಾ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿಟ್ಟು, ಒಂದೇ ಸಲಕ್ಕೆ ಚಮಚ ತುಂಬ ನೀರು ಸುರಿದು ಹಾಸಿಗೆ ಒದ್ದೆ ಮಾಡಿದಳು. "ಸ್ವಲ್ಪ ಸ್ವಲ್ಪ ಹಾಕು," ಎಂದಳು ಭುವನೇಶ್ವರಿ ಬಾಗಿಲಿನಿಂದ. "ಈಗ ವಿಭೂತಿ. ಬೆರಳ ಮೂರು ಸೇರಿಸಿ. ಅಡ್ಡ." ಸೊಟ್ಟ ಮುಖ ನಿಧಾನಕ್ಕೆ ನೆಟ್ಟಗಾಯಿತು. ಆಮೇಲೆ ಲಿಂಗವನ್ನು ಕರಡಿಗೆಯಲ್ಲಿಟ್ಟು, ಬಿದ್ದುಹೋದ ಬಲದೋಳಿಗೆ ಕಟ್ಟಿ, ಗಂಜಿ ತಂದು, ಸಕೀನಾ ಗಡಿಬಿಡಿಯಲ್ಲಿ ಮಲಗಿದವಳಿಗೇ ಚಮಚ ಹಿಡಿದಳು. "ತಲಿ ಎತ್ತರಿಸು, ನೆತ್ತಿಗೇರ್ತದ. ಒಂದು ನುಂಗಿದ ಮ್ಯಾಲೆ ಇನ್ನೊಂದು," ಎಂದು ಭುವನೇಶ್ವರಿ ಹೇಳುತ್ತಲೇ ಇದ್ದಳು. ಚಂದಮ್ಮ ಬಾಯಿ ತೆರೆದಳು. ಬಟ್ಟಲು ಅರ್ಧವಾಯಿತು, ಮುಕ್ಕಾಲಾಯಿತು. ಹಜಾರದಲ್ಲಿ ರೋಷನಬಿ "ಖಾ ಲೀ ಕ್ಯಾ?" ಎಂದು ಕೂಗಿ ಕೇಳಿದಳು. ಡಾಕ್ಟರ್ ಬುರ್ಹಾನುದ್ದೀನ್ ಬಂದು ಬಾಗಿಲಲ್ಲೇ ನಿಂತು ನೋಡಿ, ಟ್ಯೂಬಿನ ಪೊಟ್ಟಣವನ್ನು ಒಡೆಯದೆ ಮೇಜಿನ ಮೇಲಿಟ್ಟರು. "ಏನ್ ಮಾಡಿದ್ರಿ ಸಿಸ್ಟರ್, ಕಮಾಲ್ ಅದ," ಎಂದರು.

ಸಂಜೆಯ ಟ್ಯೂಷನ್ ಶುರುವಾಗಿತ್ತು. ಭುವನೇಶ್ವರಿ ಡ್ಯೂಟಿ ಮುಗಿಸಿ ಬ್ಯಾಗ್ ತೆಗೆದುಕೊಳ್ಳುವಷ್ಟರಲ್ಲಿ ಚಂದಮ್ಮನ ಬೆಲ್ ಹೊಡೆಯಿತು. ಸಕೀನಾ ಹಿಂದಿನ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದಳು, ಹತ್ತಿರವಿದ್ದವಳು ಇವಳೇ. ಬ್ಯಾಗ್ ಬಿಟ್ಟು ಓಡಿದಳು. ಚಂದಮ್ಮ ಬಾಗಿಲ ಕಡೆಯೇ ನೋಡುತ್ತಿದ್ದಳು. ಬಂದವಳು ಯಾರೆಂದು ಕಂಡ ಕೂಡಲೇ ಬೆಲ್ ಕೆಳಗಿಟ್ಟು, ಆ ಕೈಯನ್ನು ಬಲದೋಳಿನ ಮೇಲೆ ತಂದು, ಕರಡಿಗೆಯನ್ನು ಪೂರ್ತಿ ಮುಚ್ಚಿ ಹಿಡಿದುಕೊಂಡಳು. ಕಾದಳು. ಭುವನೇಶ್ವರಿ ಹೊಸ್ತಿಲ ಈಚೆಯೇ ನಿಂತಳು. "ಸಕೀನಾ, ನಿನ್ನ ಕರಿಯಾಕತ್ತಾರ, ಲಗು ಬಾ," ಎಂದು ಕೂಗಿ, ಅವಳು ಬರುವವರೆಗೆ ಬಾಗಿಲಲ್ಲಿ ದಾರಿ ಬಿಟ್ಟು, ಎರಡೂ ಕೈ ಕಾಣುವ ಹಾಗೆ ಮುಂದೆ ಇಟ್ಟುಕೊಂಡು ನಿಂತಿದ್ದಳು.